ಸಾಹೇಬರ ಮೂಗು

ಸಾಹೇಬರು ಹೋಗಿ ಒಂದು ತಿಂಗಳಾಯಿತು. ಹೋದ ಭಾನುವಾರ ಕೊಂಡಾಪುರದ ಅವರ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಸಂತಾಪ ಸಭೆ ಇತ್ತು. ಮೈಕ್ ಹಿಡಿದವರೆಲ್ಲ ಅವರ ಮೂಗನ್ನೇ ಹೊಗಳಿದರು. ಅಂಥ ಮೂಗು ಹೈದರಾಬಾದಿನಲ್ಲಿ ಇನ್ನೊಂದಿಲ್ಲ ಎಂದರು ಒಬ್ಬರು. ಕಣ್ಣು ಮುಚ್ಚಿ ವೈನ್ ಗ್ಲಾಸು ಮೂಸಿದರೆ ದ್ರಾಕ್ಷಿ ಯಾವ ಸೀಮೆಯದು ಎಂದು ಹೇಳುತ್ತಿದ್ದರು ಎಂದರು ಇನ್ನೊಬ್ಬರು. ಮೇಜಿನ ಮೇಲಿಟ್ಟಿದ್ದ ಫೋಟೋದಲ್ಲಿ ಚೆಂಡುಹೂವಿನ ಹಾರ ಜಾರಿ ಸರಿಯಾಗಿ ಆ ಮೂಗಿಗೇ ಅಡ್ಡ ಬಂದಿತ್ತು. ನನಗೆ ನಗು ತಡೆಯಲಾಗಲಿಲ್ಲ, ಕರವಸ್ತ್ರ ಮುಖಕ್ಕೆ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಹಳೆಯ ಸಹೋದ್ಯೋಗಿ ರೆಡ್ಡಿಗಾರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ಸಭೆ ಮುಗಿದ ಮೇಲೆ ಪಾಟೀಲರು ನನ್ನನ್ನು ತಡೆದು ನಿಲ್ಲಿಸಿದರು. ನಮ್ಮ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. "ಸಾಹೇಬ್ರ ನೆನಪಿಗೆ ಒಂದು ಸಂಚಿಕಿ ತರಾಕತ್ತೀವ್ರಿ. ನೀವು ಭಾಳ ವರ್ಷ ಅವ್ರ ಕೈಕೆಳಗ ಇದ್ದವ್ರು. ಚಂದಂಗ ಏನಾರ ಬರ್ದು ಕೊಡ್ರಿ" ಅಂದರು. ಬರೆಯುತ್ತೇನೆ ಎಂದೆ. ಚಂದಾಗಿ ಬರೆಯುತ್ತೇನೆ ಎಂದು ಮಾತು ಕೊಡಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಅಚ್ಚು ಹಾಕಿಸುವ ಅವಕಾಶ ಮನೆ ಬಾಗಿಲಿಗೆ ಬಂದಿದೆ. ಬಿಡುವ ಪೈಕಿ ನಾನಲ್ಲ.

ಸಾಹೇಬರು ಧಾರವಾಡದ ಕಡೆಯವರು. ಎತ್ತರದ ಆಳು, ಮದುವೆಯಾಗಲಿಲ್ಲ, ಬಿಳಿ ಅಂಗಿ ಬಿಟ್ಟು ಬೇರೆ ಹಾಕಲಿಲ್ಲ. ಬಾಲಾನಗರದ ನಮ್ಮ ಕಾರ್ಖಾನೆಯಲ್ಲಿ, ವಿಮಾನಕ್ಕೆ ಹೋಗುವ ಸಣ್ಣ ಸಣ್ಣ ಉಪಕರಣಗಳ ತಪಾಸಣೆ ವಿಭಾಗಕ್ಕೆ ಅವರು ಮುಖ್ಯಸ್ಥರು, ನಾನು ಒಬ್ಬ ತಪಾಸಣೆಗಾರ. ನಮ್ಮಲ್ಲಿ ಒಬ್ಬೊಬ್ಬರಿಗೂ ಹೆಬ್ಬೆರಳಷ್ಟು ದೊಡ್ಡ ಒಂದು ಶಿಕ್ಕಾ ಇರುತ್ತಿತ್ತು, ಅದರಲ್ಲಿ ಅವರವರ ನಂಬರು. ಅಳತೆಯನ್ನು ಸ್ವತಃ ನೋಡಿ, ಸರಿ ಇದ್ದರೆ ಕಾಗದದ ಮೇಲೆ ಅದನ್ನು ಒತ್ತಬೇಕು. ಒತ್ತಿದ ಮೇಲೆ ಎಂದಾದರೂ ಏನಾದರೂ ಎಡವಟ್ಟಾದರೆ ಆ ನಂಬರಿನವನೇ ಹೊಣೆ. "ನೋಡಲಾರದ ಶಿಕ್ಕಾ ಹೊಡೀಬ್ಯಾಡ್ರಿ" ಎನ್ನುವುದು ಸಾಹೇಬರ ನಿತ್ಯದ ಜಪ. ಬೆಳಿಗ್ಗೆ ನಮಸ್ಕಾರ ಅಂದರೂ ಅದನ್ನೇ ಅನ್ನುತ್ತಿದ್ದರು.

ಒಮ್ಮೆ ನಾನು ನೋಡದೆ ಹೊಡೆದೆ. ಪಕ್ಕದ ಬೆಂಚಿನವನು ಎಂಟು ತುಂಡು ಅಳೆದಿದ್ದೇನೆ ಎಂದ, ಮಧ್ಯಾಹ್ನದ ಬಸ್ಸಿನ ಅವಸರದಲ್ಲಿ ಅವನ ಮಾತಿನ ಮೇಲೆ ಎಂಟಕ್ಕೂ ಒತ್ತಿಬಿಟ್ಟೆ. ಎಂಟೂ ಸರಿಯಾಗಿಯೇ ಇದ್ದವು. ಆದರೂ ಸಾಹೇಬರಿಗೆ ಗೊತ್ತಾಯಿತು. ಇಡೀ ವಿಭಾಗವನ್ನು ಸುತ್ತ ನಿಲ್ಲಿಸಿ, ನನ್ನ ಕೈಯಿಂದಲೇ ಶಿಕ್ಕಾ ಅವರ ಮೇಜಿನ ಮೇಲೆ ಇಡಿಸಿದರು. ಮೂರು ತಿಂಗಳು ಅದು ಅವರ ಡ್ರಾಯರಿನಲ್ಲಿತ್ತು. ನಾನು ನಿನ್ನೆ ಮೊನ್ನೆ ಸೇರಿದವರ ಮುಂದೆ ನನ್ನ ಕೆಲಸ ಹಿಡಿದು ನಿಂತು, ಒಂದು ಶಿಕ್ಕಾ ಹೊಡೆದು ಕೊಡಿ ಎಂದು ಕೇಳಬೇಕಾಗಿತ್ತು. ತಪ್ಪು ನನ್ನದೇ, ಒಪ್ಪುತ್ತೇನೆ. ಆ ಶಿಕ್ಷೆಗಾಗಿ ನಾನು ಅವರ ಮೇಲೆ ಹಗೆ ಸಾಧಿಸುತ್ತಿಲ್ಲ. ಹಗೆಗೆ ಬೇರೆ ಕಾರಣವಿದೆ.

ಅದಕ್ಕೆ ಮೊದಲು ವೈನಿನ ಸಂಗತಿ ಹೇಳಬೇಕು. ಯಾವುದೋ ತರಬೇತಿಗೆಂದು ಫ್ರಾನ್ಸಿಗೆ ಹೋಗಿ ಕೆಲವು ತಿಂಗಳು ಇದ್ದು ಬಂದ ಸಾಹೇಬರಿಗೆ ಅಲ್ಲಿ ಆ ರುಚಿ ಹತ್ತಿತ್ತು. ಕ್ಯಾಂಟೀನಿನಲ್ಲಿ ನಾವೆಲ್ಲ ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದ ರೂಢಿಯನ್ನು ನಿವೃತ್ತಿಯಾದ ಮೇಲೆ ಕೊಂಡಾಪುರದ ತಮ್ಮ ಫ್ಲಾಟಿಗೆ ಒಯ್ದರು. ಪ್ರತಿ ತಿಂಗಳ ಎರಡನೇ ಭಾನುವಾರ, ಹನ್ನೆರಡೂವರೆಗೆ. ಒಂದೊಂದು ಮನೆಯಿಂದ ಒಂದೊಂದು ಡಬ್ಬಿ, ಬಾಟಲಿ ಅವರದು. ರೆಡ್ಡಿಗಾರು ಗೋಂಗುರಾ ಪಚ್ಚಡಿ ತರುತ್ತಿದ್ದರು, ಪಾಟೀಲರ ಮನೆಯಿಂದ ಶೇಂಗಾ ಹೋಳಿಗೆ. ನಾವು ಉಪ್ಪಲ್‌ನಿಂದ ಮೆಟ್ರೋದಲ್ಲಿ, ಬಿಸಿ ಎಣ್ಣೆಗಾಯಿಯ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆವು.

ಅವರು ಕಲಿಸಿದ್ದನ್ನು ಅಲ್ಲಗಳೆಯಲಾರೆ. ಗ್ಲಾಸಿನ ಹಿಂದೆ ಬಿಳಿ ಹಾಳೆ ಹಿಡಿದು ಬಣ್ಣ ನೋಡುವುದು, ಗ್ಲಾಸಿನ ಕಾಲು ಹಿಡಿದು ಒಂದು ಸುತ್ತು ತಿರುಗಿಸುವುದು, ಮೂಗನ್ನು ಒಳಗೆ ಇಳಿಬಿಟ್ಟು ಸುಮ್ಮನೆ ಇರುವುದು. "ಮೊದಲ ಮೂಗು, ಆಮ್ಯಾಲ ನಾಲಿಗಿ. ಮೂಗಿಲ್ಲದಾಂವಗ ವೈನೂ ಒಂದಽ, ಹುಳಿ ನೀರೂ ಒಂದಽ" ಎನ್ನುತ್ತಿದ್ದರು. ನಾನು ಮೊದಲ ಬಾರಿ ಕೆಂಪು ವೈನಿನ ಜೊತೆ ಕಟಕಟ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದ ದಿನ ಇನ್ನೂ ನಾಲಿಗೆಯ ಮೇಲಿದೆ. ಖಾರ ಬಾಯಲ್ಲಿ ಹೊತ್ತಿಕೊಳ್ಳುವಷ್ಟರಲ್ಲಿ ವೈನು ಬಂದು ಅದನ್ನು ತಣಿಸಿ, ಹುರಿದ ಶೇಂಗಾದ ಘಮವೊಂದನ್ನೇ ಉಳಿಸಿತ್ತು. ನಾಲ್ಕು ಜನ ಗೆಳೆಯರು, ಬಾಲ್ಕನಿಯ ಬಿಸಿಲು, ಯಾರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಆ ಸುಖಕ್ಕಾಗಿಯೇ ಆಮೇಲಿನದನ್ನೆಲ್ಲ ಸಹಿಸಿದೆ ಎಂದು ಹೇಳಿಕೊಳ್ಳುತ್ತೇನೆ.

ಈಗ ನನ್ನ ಹೆಂಡತಿ ಸುವರ್ಣಾಳ ಮಾತು. ಕಲಬುರಗಿಯಲ್ಲಿ ಅವಳ ಅಪ್ಪನದು ತೊಗರಿ ದಲಾಲಿಯ ಅಡತಿ ಅಂಗಡಿ. ರೈತರು ತಂದ ಚೀಲ ಇಳಿಸುವಾಗ ಮಾವ ಮಗಳನ್ನು ಕರೆಯುತ್ತಿದ್ದರಂತೆ. ಹತ್ತು ವರ್ಷದ ಹುಡುಗಿ ಚೀಲದ ಸಾಲಿನುದ್ದಕ್ಕೂ ನಡೆದುಹೋಗಿ, ಯಾವುದು ಒಳಗೆ ತೇವ ಹಿಡಿದಿದೆ ಎಂದು ಬಿಚ್ಚದೆಯೇ ತೋರಿಸುತ್ತಿದ್ದಳು. ಅವಳು ವೈನು ಕುಡಿಯುವವಳಲ್ಲ. ಮನೆಯಲ್ಲಿ ಹಾಲು ಒಡೆಯುವ ಮೊದಲೇ ಅವಳಿಗೆ ಗೊತ್ತಾಗುತ್ತದೆ.

ಸಾಹೇಬರು ಒಂದು ಫ್ರಾನ್ಸ್ ಬಾಟಲಿಯ ಬಗ್ಗೆ ಮೂರು ತಿಂಗಳಿಂದ ಹೇಳುತ್ತಲೇ ಇದ್ದರು. ಕೊನೆಗೆ ಒಂದು ಭಾನುವಾರ ತೆರೆದರು. ಮೂಸಿದರು, ಕಣ್ಣು ಮುಚ್ಚಿದರು, "ವಾಹ್" ಎಂದರು. ನಾವೂ ವಾಹ್ ಎಂದೆವು. ಸುವರ್ಣಾ ಊಟಕ್ಕೆ ಬಡಿಸುತ್ತ ನನ್ನ ಬಳಿ ಬಂದವಳು ಗ್ಲಾಸಿನ ಹತ್ತಿರ ಬಗ್ಗಿ, ಯಾವ ಕುಹಕವೂ ಇಲ್ಲದೆ ಹೇಳಿದಳು, "ಇದೇನ್ರಿ, ಹಸಿ ಗೋಣಿಚೀಲದ ವಾಸನಿ ಬರ್ಲತ್ತದ?"

ಸಾಹೇಬರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ನಕ್ಕರು, ಎಂಥ ನಗು ಅಂತೀರಿ, ಮೇಜು ಬಡಿದು ನಕ್ಕರು. "ಕೇಳಿದ್ರೇನ್ರಪಾ! ಫ್ರಾನ್ಸ್‌ನವ್ರು ದ್ರಾಕ್ಷಿ ಬಿಟ್ಟು ಗೋಣಿಚೀಲ ಹಿಂಡ್ಯಾರಂತ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಖ್ಯಸ್ಥರಾಗಿದ್ದವರು ನಕ್ಕಾಗ ನಗದೆ ಕೂರಲಾಗುತ್ತದೆಯೇ? ಸುವರ್ಣಾ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಅವಳ ಹೆಸರು ಗೋಣಿಚೀಲ ಬಾಯಾರು, ಅಂದರೆ ಗೋಣಿಚೀಲದ ಅಮ್ಮನವರು. ನಾವು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು, "ಬಂದ್ರು, ಗೋಣಿಚೀಲ ಬಾಯಾರು ಬಂದ್ರು, ಬಾಟಲಿ ಮುಚ್ಚಿಡ್ರಿ!" ತಿಂಗಳಿಗೊಮ್ಮೆ ತಪ್ಪದ ತಮಾಷೆ. ಹೊಸಬರು ಯಾರಾದರೂ ಬಂದರೆ ಕಥೆಯನ್ನು ಮೊದಲಿನಿಂದ ಹೇಳುವುದು, ಅವಳ ಕಲಬುರಗಿ ಮಾತನ್ನು ಅಣಕಿಸುವುದು. ನನಗೆ ಮೈ ಉರಿಯುತ್ತಿತ್ತು. ಮರು ತಿಂಗಳು ಮತ್ತೆ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಿದ್ದೆ.

ಆಮೇಲೆ ಎಲ್ಲರಿಗೂ ಬಂದ ಆ ಕೊರೋನಾ ಜ್ವರ ಸಾಹೇಬರಿಗೂ ಬಂತು. ಒಂದೂವರೆ ವರ್ಷ ಊಟಗಳು ನಿಂತವು. ಮತ್ತೆ ಶುರುವಾದ ಮೊದಲ ಭಾನುವಾರ, ಸುವರ್ಣಾ ಎಣ್ಣೆಗಾಯಿ ಬಿಸಿ ಮಾಡಲು ಅವರ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಹಾಲು ಉಕ್ಕಿ, ಹೊತ್ತಿ, ಪಾತ್ರೆ ಕರ್ರಗಾಗಿತ್ತು. ಪಕ್ಕದಲ್ಲೇ ಸಾಹೇಬರು ಬೆನ್ನು ಹಾಕಿ ನಿಂತು ಆರಾಮಾಗಿ ಪೇಪರ್ ಓದುತ್ತಿದ್ದರು. ಅವಳು ಗ್ಯಾಸ್ ಆರಿಸಿ ಅವರ ಮುಖ ನೋಡಿದಳು. ಅವರು, "ತಂಗೀ, ಬಾಗಿಲಾ ಮುಂದಕ್ಕ ಮಾಡು" ಅಂದರು, ಅವಳು ಬಾಗಿಲು ಮುಚ್ಚಿದಳು.

ಅಲ್ಲಿ ನಡೆದದ್ದನ್ನು ಅವಳು ಮರಳಿ ಬರುವಾಗ ಮೆಟ್ರೋದಲ್ಲಿ ನನಗೆ ಹೇಳಿದಳು. ಸಾಹೇಬರ ಮೂಗು ಜ್ವರದ ಜೊತೆ ಹೋದದ್ದು ತಿರುಗಿ ಬಂದಿರಲಿಲ್ಲ. ಹಾಲು, ಸಾಬೂನು, ಮಲ್ಲಿಗೆ, ವೈನು, ಯಾವುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಗೆಳೆಯರಿಗೆ ತಿಳಿದರೆ ತಾನು ಸತ್ತಂತೆ ಎಂದು ಕೈಮುಗಿದರಂತೆ. ಊಟಕ್ಕೆ ಅರ್ಧ ಗಂಟೆ ಮೊದಲು ಬಂದು ಬಾಟಲಿ ಮೂಸಿ ಹೇಳಬೇಕೆಂದು ಕೇಳಿದರಂತೆ. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರಂತೆ. "ಅವತ್ತ ನಿನ್ನ ಮಾತು ಖರೇ ಇತ್ತು ತಂಗೀ. ಕಾರ್ಕ್ ಕೆಟ್ರ ವೈನಿಗೆ ಅದಽ ವಾಸನಿ ಬರ್ತೈತಿ. ನನಗೂ ಬಂದಿತ್ತು. ಮೂರು ತಿಂಗಳ ಬಡಾಯಿ ಕೊಚ್ಚಿದ್ದೆ, ಹೆಂಗ ಒಪ್ಪಲಿ?"

ಬಂದಿತ್ತಂತೆ! ಗೊತ್ತಿದ್ದೂ ಅಷ್ಟು ಜನರ ಮುಂದೆ ಅವಳನ್ನು ನಗೆಪಾಟಲು ಮಾಡಿದ್ದರು, ವರ್ಷಗಟ್ಟಲೆ ಮಾಡುತ್ತಲೇ ಬಂದಿದ್ದರು. "ನೀ ಏನಂದಿ?" ಎಂದೆ.

"ಆಯ್ತ್ರಿ, ಮೂಸ್ತೀನಿ ಅಂದೆ."

"ಹುಚ್ಚಿ ಏನ ನೀನು?"

"ಮೂಗು ಹೋದವ್ರ ಸಂಕಟ ನಿಮಗ ತಿಳೀದಿಲ್ಲ" ಎಂದಳು. ಖಾಲಿ ಡಬ್ಬಿಗೆ ಟವೆಲ್ಲು ಸುತ್ತುತ್ತ, "ನನ್ನ ಮಾತು ಖರೇ ಇತ್ತಂತ ಒಬ್ಬರರ ನಾಕು ಮಂದಿ ಮುಂದ ಹೇಳ್ತೀರೇನೋ ಅಂತ ಕಾಯ್ಲತ್ತೀನಿ" ಎಂದಳು. ಅದು ಸಾಹೇಬರನ್ನು ಕುರಿತ ಮಾತು ಎಂದುಕೊಂಡೆ.

ಹೀಗೆ ಒಂದು ವರ್ಷ ನಡೆಯಿತು. ಅಡುಗೆಮನೆಯಲ್ಲಿ ಸ್ಟೀಲ್ ಲೋಟಕ್ಕೆ ಎರಡು ಗುಟುಕು ಸುರಿದುಕೊಡುವುದು, ಅವಳು ಮೂಸಿ ತನಗೆ ತಿಳಿದಂತೆ ಹೇಳುವುದು. ಹುರಿದ ಜೀರಿಗೆ, ಹುಣಸೆ ತೊಕ್ಕು, ಮೊದಲ ಮಳೆಗೆ ನೆನೆದ ಎರೆಮಣ್ಣು, ಹೊಸ ಚಪ್ಪಲಿ. ಕಾಲು ಗಂಟೆ ಬಿಟ್ಟು ಸಾಹೇಬರು ಮೇಜಿನಲ್ಲಿ ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಹೊಸ ಚಪ್ಪಲಿ ಲೆದರ್ ಆಗುತ್ತಿತ್ತು, ಎರೆಮಣ್ಣು ಮಿನರಲ್ ಆಗುತ್ತಿತ್ತು. ರೆಡ್ಡಿಗಾರು "ಏಂ ನೋಸ್ ಅಂಡಿ ಮೀದಿ", ಎಂಥ ಮೂಗು ನಿಮ್ಮದು, ಎಂದು ತೆಲುಗಿನಲ್ಲಿ ತಲೆದೂಗುತ್ತಿದ್ದರು. ನನ್ನ ಹೆಂಡತಿಯ ಮೂಗಿಗೆ ಇವರು ಸನ್ಮಾನ ಮಾಡಿಸಿಕೊಳ್ಳುತ್ತಿದ್ದಾರಲ್ಲ ಎಂದು ನಾನು ರೊಟ್ಟಿ ಮುರಿಯುತ್ತ ಕುದಿಯುತ್ತಿದ್ದೆ.

ಅದನ್ನೂ ಸಹಿಸಬಹುದಿತ್ತು. ಆದರೆ ಗೋಣಿಚೀಲದ ತಮಾಷೆ ನಿಲ್ಲಲಿಲ್ಲ. ಅವಳ ಮೂಗಿನಿಂದ ಎರವಲು ತಂದದ್ದನ್ನು ಒಪ್ಪಿಸಿ ಮುಗಿಸಿದ ಬಾಯಲ್ಲೇ, ಆ ಮೇಜಿನಲ್ಲೇ, "ಗೋಣಿಚೀಲ ಬಾಯಾರನ್ನ ಕೇಳ್ರಿ ಒಂದೀಟು" ಎನ್ನುತ್ತಿದ್ದರು. ಒಮ್ಮೆಲೇ ಬಿಟ್ಟರೆ ಗೆಳೆಯರಿಗೆ ಅನುಮಾನ ಬಂದೀತೆಂಬ ಹೆದರಿಕೆ ಇರಬೇಕು. ಹಾಗೆ ಅಂದಾಗ ಅವರ ತಟ್ಟೆಗೆ ರೊಟ್ಟಿ ಹಾಕುತ್ತಿದ್ದ ಸುವರ್ಣಾಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಕೈ ನಿಂತದ್ದನ್ನು ನಾನು ಎಣಿಸಿಕೊಂಡು ಬಂದಿದ್ದೇನೆ. ಸಾಹೇಬರನ್ನು ಎಲ್ಲರ ಮುಂದೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ.

ಗಳಿಗೆಯೂ ಕೂಡಿ ಬಂತು. ನಾಶಿಕದ ಕಡೆ ವೈನು ಮಾಡುವುದರಲ್ಲೇ ತಲೆ ಬೆಳ್ಳಗಾದ ಅವರ ಹಳೆಯ ಗೆಳೆಯರೊಬ್ಬರು ಊಟಕ್ಕೆ ಬರುವವರಿದ್ದರು. ಅವರಿಗೆಂದು ಸಾಹೇಬರು ಕಪಾಟಿನಲ್ಲಿ ಮಲಗಿಸಿಟ್ಟಿದ್ದ ಬಹಳ ಹಳೆಯ ಬಾಟಲಿ ತೆಗೆಯುವುದಾಗಿ ಫೋನಿನಲ್ಲಿ ಹೇಳಿದರು. ಮೆಟ್ರೋದಲ್ಲಿ ಸುವರ್ಣಾಳ ಕಿವಿಯಲ್ಲಿ ಹೇಳಿದೆ, "ಇವತ್ತ ಉಲ್ಟಾ ಹೇಳು. ಚಲೋ ಇದ್ರ ಕೆಟ್ಟೈತಿ ಅನ್ನು, ಕೆಟ್ಟಿದ್ರ ಚಲೋ ಐತಿ ಅನ್ನು."

"ಆಗೂದಿಲ್ಲ. ನಮ್ಮಪ್ಪ ನನ್ನ ಮೂಗು ನಂಬಿ ಅಡತಿ ನಡಸ್ಯಾನ. ಮೂಸಿದ್ದಕ್ಕ ಸುಳ್ಳು ಹೇಳಾಕಿ ಅಲ್ಲ ನಾ" ಎಂದಳು.

ಕೈ ತೊಳೆಯುವ ನೆಪದಲ್ಲಿ ನಾನು ಅಡುಗೆಮನೆಯ ಹೊರಗೆ ನಿಂತೆ. ಬಾಟಲಿಯ ಕಾರ್ಕ್ ಕಿತ್ತ ಸದ್ದಾಯಿತು. "ನೋಡು ತಂಗೀ" ಎಂದರು ಸಾಹೇಬರು. ಅವಳು ಲೋಟ ಮುಟ್ಟಿದ ಸದ್ದೂ ಆಗಲಿಲ್ಲ.

"ನನಗ ನೆಗಡಿ ಆಗ್ಯಾದ್ರಿ. ಇವತ್ತ ಮೂಸೂದಿಲ್ಲ."

"ಅಯ್ಯ, ಈಗೇನ್ ಮಾಡೂದು?"

"ಹೊರಗ ನಿಮ್ಮ ದೋಸ್ತರು ಕುಂತಾರಲ್ರಿ, ತಿಳಿದವ್ರು. ನನಗ ಮೂಗು ಹೋಗ್ಯಾದ, ನೀನಽ ನೋಡಪಾ ಅನ್ರಿ. ಇಷ್ಟ್ ದಿನ ಈಕಿ ನೋಡ್ತಿದ್ಳು ಅನ್ರಿ. ಅದರಾಗ ಏನದ ನಾಚಿಕಿ?"

ಸಾಹೇಬರು ಬಾಟಲಿ ಹಿಡಿದು ನನ್ನ ಪಕ್ಕದಿಂದಲೇ ಹೊರಗೆ ನಡೆದರು. ಜೀವಮಾನವೆಲ್ಲ ನಮಗೆ ಜಪ ಹೇಳಿಕೊಟ್ಟ ಮನುಷ್ಯ ಮೇಜಿನ ಬಳಿ ನಿಂತು ಗ್ಲಾಸು ತಿರುಗಿಸಿದರು, ಬಿಳಿ ಹಾಳೆ ಹಿಡಿದರು, ಆ ಸತ್ತ ಮೂಗನ್ನು ಒಳಗೆ ಇಳಿಬಿಟ್ಟರು. "ವಾಹ್" ಎಂದರು. ನೋಡದೆ ಶಿಕ್ಕಾ ಹೊಡೆದರು.

ರೂಢಿಯಂತೆ ಮೊದಲು ನನ್ನ ಕಡೆ ತಿರುಗಿ, "ಏನಂತೀರಿ?" ಎಂದರು. ನಾನು ಗ್ಲಾಸು ಮೂಗಿಗೆ ಹಿಡಿದೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ನನ್ನ ಮೂಗಿಗೆ ಅದು ಸ್ಪಷ್ಟವಾಗಿ ಬಡಿಯಿತು. ಹಸಿ ಗೋಣಿಚೀಲ. ನೆನೆದು, ಮೂಲೆಯಲ್ಲಿ ಬಿದ್ದು, ಒಣಗದೆ ಉಳಿದ ಗೋಣಿಚೀಲ. ಎಂಥ ಖುಷಿಯಾಯಿತು ನನಗೆ! ಸಿಕ್ಕಿಬಿದ್ದರು ಅಂದುಕೊಂಡೆ. ಇನ್ನಷ್ಟು ಆಳಕ್ಕೆ ಇಳಿಯಲಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ, "ಭಾಳ ಚಲೋ ಐತ್ರಿ ಸಾಹೇಬ್ರ. ಇಂಥಾದ್ದು ಇಲ್ಲೀತನಾ ಕುಡಿದಿಲ್ರಿ."

ನಾಶಿಕದವರು ಮೂಸಿದರು. ಕುಡಿಯದೆ ಗ್ಲಾಸು ಕೆಳಗಿಟ್ಟು, ಮೆಲ್ಲಗೆ ಹಿಂದಿಯಲ್ಲಿ, ಕಾರ್ಕ್ ಕೆಟ್ಟಿದೆ, ಪಾಪ, ಒಳ್ಳೆಯ ಬಾಟಲಿ ಹಾಳಾಯಿತು ಎಂದರು.

ಸಾಹೇಬರ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣು ತುಂಬ ನೋಡಿದೆ. ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಸುವರ್ಣಾ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಆಮೇಲೆ ನನ್ನ ಕಡೆ ನೋಡಿದರು. ನಾನು ಬೇಕೆಂದೇ ಹಾಗೆ ಹೇಳಿದೆ ಎಂದು ಅವರಿಗೆ ಹೊಳೆಯಿತು, ನನಗೆ ಅನುಮಾನವಿಲ್ಲ. ಮರುಕ್ಷಣ ಮೇಜು ಬಡಿದು ನಕ್ಕರು, ಅದೇ ಹಳೆಯ ನಗು.

"ನೋಡಿದ್ರೇನ್ರಪಾ! ಪರೀಕ್ಷಾ ಮಾಡೂಣಂತ ಕೆಟ್ಟ ಬಾಟಲೀನಽ ಇಟ್ಟೆ. ಇವ್ರು ಭಾಳ ಚಲೋ ಐತಿ ಅಂದುಬಿಟ್ರು! ನೋಡಲಾರದ ಶಿಕ್ಕಾ ಹೊಡಿಯೂ ಚಟ ಇನ್ನೂ ಹೋಗಿಲ್ಲ ನಿಮ್ದು!"

ಪಾಟೀಲರು ನಕ್ಕರು, ರೆಡ್ಡಿಗಾರು ನಕ್ಕು ಕೆಮ್ಮಿದರು. ನಾಶಿಕದವರು ಮಾತ್ರ ನಗಲಿಲ್ಲ, ಗ್ಲಾಸನ್ನು ಇನ್ನಷ್ಟು ದೂರ ಸರಿಸಿದರು. ನಾನು ಬಾಯಿ ತೆರೆದೆ. ಏನು ಹೇಳಿದರೂ ಸೋತವನ ಸಬೂಬಿನಂತೆ ಕೇಳುತ್ತಿತ್ತು. ತೆರೆದ ಬಾಯಿಗೆ ಎಣ್ಣೆಗಾಯಿ ತುಂಬಿಕೊಂಡೆ.

ಮರಳುವಾಗ ಅವಳು ಕೇಳಿದ್ದು ಇಷ್ಟೇ. "ನಿಮಗ ವಾಸನಿ ಬಂದಿತ್ತಲ್ಲ?"

"ಬಂದಿತ್ತು. ಅವ್ರನ್ನ ಕೆಡವಬೇಕಂತ ಹಂಗಂದೆ. ನಿನ್ನ ಸಲುವಾಗಿನಽ ಅಂದದ್ದು."

ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಅವಳು ಆ ಮನೆಗೆ ಹೋಗಲಿಲ್ಲ. ಡಾಕ್ಟರು ವೈನು ಬಿಡಲು ಹೇಳಿದ್ದಾರೆ ಎಂದು ಸಾಹೇಬರು ಭಾನುವಾರದ ಊಟವನ್ನೇ ನಿಲ್ಲಿಸಿದರು, ಎಲ್ಲರೂ ನಂಬಿದರು. ಎರಡು ವರ್ಷದ ಮೇಲೆ, ತಮ್ಮ ಮೂಗಿನ ಕೀರ್ತಿಗೆ ಒಂದು ಚುಕ್ಕೆಯೂ ತಗಲದಂತೆ ಹೋಗಿಬಿಟ್ಟರು. ಹಾಗೆ ಹೋಗಲು ಬಿಡಬಾರದೆಂದೇ ಇಷ್ಟನ್ನು ಬರೆದೆ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಪಾಟೀಲರೇ, ಇದರಲ್ಲಿ ಒಂದಕ್ಷರ ತೆಗೆಯಬೇಡಿ.

ಕಳಿಸುವ ಮೊದಲು ಸುವರ್ಣಾಳಿಗೆ ಓದಲು ಕೊಟ್ಟೆ. ಇಷ್ಟು ವರ್ಷದ ಅವಳ ಸೇಡು ತೀರಿಸಿದ್ದೇನೆ, ಮುಖ ಅರಳುತ್ತದೆ ಎಂದು ಎದುರಿಗೇ ಕುಳಿತಿದ್ದೆ. ಅವಳು ನಿಧಾನವಾಗಿ ಓದಿದಳು. ಕನ್ನಡಕ ತೆಗೆದು ಹಾಳೆಗಳ ಮೇಲಿಟ್ಟಳು.

"ಎಲ್ಲಾ ಖರೇ ಬರ್ದೀರಿ" ಎಂದಳು. "ಸಾಹೇಬ್ರು ನಾಕು ಮಂದಿ ಮುಂದ ಹೇಳ್ಲಿಲ್ಲ, ಅದೂ ಖರೇನಽ. ಆದ್ರ ಅಡಗಿಮನ್ಯಾಗರ ನನ್ನ ಮುಂದ ನಿಂತು, ನಿನ್ನ ಮಾತು ಖರೇ ಇತ್ತು ತಂಗೀ ಅಂದ್ರು. ಅವತ್ತ ನೀವೂ ನಕ್ಕಿದ್ರಿ. ನೀವು ಇಲ್ಲೀತನಾ ಏನೂ ಅಂದಿಲ್ಲ."

ಎದ್ದು ಒಳಗೆ ಹೋದಳು. ಈಗ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಅವಳು ಹೇಳಿದ್ದನ್ನೂ ಇಲ್ಲಿ ಸೇರಿಸಿದ್ದೇನೆ, ಆದರೆ ಬರೆದು ಮುಗಿಸುವ ಕೆಲಸ ಇದಲ್ಲ. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿದೆ. ಏಳಬೇಕು.